ಮೌನಪ್ಪನ ಮೂರನೆಯ ಖಾನೆ

ನಮ್ಮ ಮನೆಗೆ ಬಂದವರು ಮೊದಲು ಕುರ್ಚಿಯಲ್ಲಿ ಕೂರುತ್ತಾರೆ, ಆಮೇಲೆ ನೀರು ಕುಡಿಯುತ್ತಾರೆ, ಅದಾದ ಮೇಲೆ ಎದ್ದು ಹೋಗಿ ಗೋಡೆಗೆ ಆನಿಸಿಟ್ಟ ಕಟ್ಟಿಗೆ ಪೆಟ್ಟಿಗೆಯ ಮೂರನೆಯ ಖಾನೆಯನ್ನು ಎಳೆಯುತ್ತಾರೆ. ಅದಕ್ಕಿರುವುದು ನಾಲ್ಕು ಖಾನೆ, ಒಂದರ ಕೆಳಗೊಂದು. ಉಳಿದ ಮೂರನ್ನು ಬಿಟ್ಟು ಅದಕ್ಕೇ ಯಾಕೆ ಕೈ ಹಾಕುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ಮೊನ್ನೆಮೊನ್ನೆಯವರೆಗೆ ಅದು ಬರುತ್ತಿರಲಿಲ್ಲ. "ಅದು ಬರಂಗಿಲ್ರಿ, ಬಿಡ್ರಿ" ಎನ್ನುತ್ತಿದ್ದೆ. ಹಾಗೆಂದ ಕೂಡಲೇ ಅವರು ಸೆರಗು ಸಿಕ್ಕಿಸಿಯೋ ತೋಳು ಮಡಚಿಯೋ ಮತ್ತೊಮ್ಮೆ ಎಳೆಯುತ್ತಿದ್ದರು. ಬರುವುದಿಲ್ಲ ಅಂದದ್ದನ್ನು ಎಳೆಯದೆ ಬಿಟ್ಟ ಮನುಷ್ಯರನ್ನು ನಾನಿನ್ನೂ ಕಂಡಿಲ್ಲ. ಕೊನೆಗೆ ಉಸಿರು ಬಿಟ್ಟು, ಒಳಗೆ ಏನಿದೆ ಎಂದು ಕೇಳುತ್ತಿದ್ದರು. ಏನೂ ಇಲ್ಲ ಎಂದರೆ ನಂಬುತ್ತಿರಲಿಲ್ಲ. ಬಂಗಾರ ಇಟ್ಟವಳು ಇನ್ನೇನು ಹೇಳಿಯಾಳು ಎಂಬ ನಗೆ ನಕ್ಕು ಚಹಾಕ್ಕೆ ಕೂರುತ್ತಿದ್ದರು.

ಏನೂ ಇಲ್ಲ ಎಂದು ನನಗೆ ಹೇಗೆ ಗೊತ್ತು? ಅದನ್ನೇ ಹೇಳಬೇಕೆಂದು ಕುಳಿತಿದ್ದೇನೆ. ಆದರೆ ಮೊದಲು ನನ್ನ ಸೊಂಟದ ನೋವಿನ ಕಥೆ ಕೇಳಿ.

ನಾನು ಪ್ರಾಥಮಿಕ ಶಾಲೆಯ ಟೀಚರು, ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಇಬ್ಬರಿಗೂ ವರ್ಗ. ಲಿಂಗಸುಗೂರಿನಲ್ಲಿ ಎರಡು ಬಾಡಿಗೆ ಮನೆ, ಸಿಂಧನೂರಿನಲ್ಲಿ ಮೂರು, ಈಗ ಮಸ್ಕಿಯಲ್ಲಿ ಎರಡನೆಯದು. ಹೊಸ ಮನೆ ನೋಡಲು ಹೋದಾಗ ಬೇರೆಯವರು ನೀರಿದೆಯೇ ಎಂದು ಕೇಳಿದರೆ, ನಾನು ಗೇಣು ಹಾಕಿ ಬಾಗಿಲು ಅಳೆಯುತ್ತೇನೆ. ಪೆಟ್ಟಿಗೆ ನನ್ನ ಎದೆಮಟ್ಟ ಇದೆ, ನಾಲ್ಕು ಜನ ಬೇಕು ಹೊರಲು. ಮೂರೇ ಜನ ಬಂದರೆ ನಾಲ್ಕನೆಯದು ನನ್ನ ಸೊಂಟ. "ಒಳಗ ಯಾರರ ಕುಂತಾರೇನ್ರಿ ಅಕ್ಕೋರ?" ಎಂದು ಹಮಾಲರು ಪ್ರತಿ ಸಲವೂ ಕೇಳುತ್ತಾರೆ. ನಮ್ಮ ಕಡೆ ಟೀಚರಮ್ಮಂದಿರಿಗೆ ಅಕ್ಕೋರು ಎನ್ನುತ್ತಾರೆ, ಬೈಯುವಾಗಲೂ ಅಕ್ಕೋರೇ. ಸಿಂಧನೂರಿನ ಒಂದು ಮನೆ ದಢೇಸುಗೂರಿನ ದಾರಿಯಲ್ಲಿತ್ತು. ಹಿತ್ತಿಲ ಬಾಗಿಲು ತೆಗೆದರೆ ಕಾಲುವೆ ನೀರಿನ ಭತ್ತದ ಗದ್ದೆ, ನಾಟಿಯ ದಿನಗಳಲ್ಲಿ ಗೋಡೆಯೂ ಬೆವರುತ್ತಿತ್ತು. ಪೆಟ್ಟಿಗೆಯ ಉಳಿದ ಖಾನೆಗಳೂ ಉಬ್ಬಿ ಮುನಿಸಿಕೊಳ್ಳುತ್ತಿದ್ದವು. ಬೇಸಿಗೆ ಬಂದರೆ ಅವು ದಾರಿಗೆ ಬರುತ್ತಿದ್ದವು. ಮೂರನೆಯದು ಮಾತ್ರ ಯಾವ ಕಾಲಕ್ಕೂ ಜಪ್ಪಯ್ಯ ಅನ್ನಲಿಲ್ಲ.

ಅಲ್ಲಿದ್ದಾಗಲೇ ಹೊಸ ಹೋಟೆಲೊಂದಕ್ಕೆ ಹಳೆಯ ಸಾಮಾನು ಕೂಡಿಸುತ್ತಿದ್ದವನೊಬ್ಬ ಬಂದಿದ್ದ. ಪೆಟ್ಟಿಗೆಯ ಮೈ ಸವರಿ, "ಮೇಡಂ, ಇದು ಆಂಟಿಕ್ ಪೀಸ್ ರೀ. ನಿಜಾಮರ ಕಾಲದ್ದು" ಎಂದ. "ಇದು ನನಗಿಂತ ಹತ್ತು ವರ್ಷ ಸಣ್ಣದೈತಪಾ" ಎಂದೆ. ಅವನು ನನ್ನನ್ನೊಮ್ಮೆ ಪೆಟ್ಟಿಗೆಯನ್ನೊಮ್ಮೆ ನೋಡಿದ. ಎರಡಕ್ಕೂ ಒಂದೇ ಬೆಲೆ ಕಟ್ಟಿದನೋ ಏನೋ, ಮತ್ತೆ ಬರಲಿಲ್ಲ.

ಇದನ್ನು ಮಾಡಿದವನು ನಮ್ಮೂರು ಸಂತೆಕಲ್ಲೂರಿನ ಮೌನಪ್ಪ ಬಡಿಗೇರ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಅವನು ಒಕ್ಕಲಿಗರಿಗೆ ಕುಂಟೆ, ಕಾಳು ಬಿತ್ತುವ ಕೂರಿಗೆ, ಬಂಡಿಯ ಗಾಲಿ ಮಾಡಿಕೊಡುವವನು. ಸುಗ್ಗಿಯಲ್ಲಿ ಅವರು ಕಣದಿಂದ ಜೋಳ ಅಳೆದು ಕೊಡುತ್ತಿದ್ದರು. ಕುರ್ಚಿ ಮೇಜು ಎಂದರೆ ಅವನಿಗೆ ಅಷ್ಟಕ್ಕಷ್ಟೆ. ನನ್ನ ಅಪ್ಪ ಊರಿನ ಪೋಸ್ಟ್ ಮಾಸ್ತರು, ನಮ್ಮ ಪಡಸಾಲೆಯೇ ಅಂಚೆ ಕಚೇರಿ. ಲಿಂಗಸುಗೂರಿನ ಹಳೆಯ ಬಂಗಲೆಯೊಂದರಲ್ಲಿ ಅಪ್ಪ ಇಂಥ ಪೆಟ್ಟಿಗೆ ನೋಡಿ ಮರುಳಾಗಿ, ಮೌನಪ್ಪನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಹೋಗಿ ತೋರಿಸಿದ. ಮೌನಪ್ಪ ಕಾಕಾ ಅದರ ಮುಂದೆ ಒಂದು ತಾಸು ಕುಕ್ಕರಗಾಲಲ್ಲಿ ಕುಳಿತು ಖಾನೆ ಎಳೆದ, ದೂಡಿದ, ಎಳೆದ. ಬಂಗಲೆಯ ಕಾವಲುಗಾರ ಬೇಸತ್ತು ಹೊರಗೆ ಹಾಕಿದನಂತೆ. ಬರುವಾಗ ಬಸ್ಸಿನಲ್ಲಿ ಅವನು ಆಡಿದ್ದು ಒಂದೇ ಮಾತು, "ಆತು ಬಿಡ್ರಿ, ಮಾಡತೀನಿ."

ಮಾಡಲು ಎಂಟು ತಿಂಗಳು ಹಿಡಿಯಿತು. ತೇಗ ಎಲ್ಲಿಂದ ತಂದ ಎಂದು ಅಪ್ಪ ಕೇಳಲಿಲ್ಲ, ಅವನೂ ಹೇಳಲಿಲ್ಲ. ಪೆಟ್ಟಿಗೆ ಬಂಡಿಯಲ್ಲಿ ಬಂದ ದಿನ ನಾನು ಶಾಲೆ ತಪ್ಪಿಸಿ ನೋಡಿದೆ. ಒಂದು ಮೊಳೆ ಇಲ್ಲ, ಎಲ್ಲ ಕಟ್ಟಿಗೆಯ ಬೆಣೆ. ಕಾಕಾ ನನ್ನನ್ನು ಕರೆದು, "ಬಾರವ್ವಾ ತಂಗಿ, ಮ್ಯಾಲಿಂದು ದೂಡು" ಎಂದ. ಮೇಲಿನ ಖಾನೆ ದೂಡಿದೆ. ಕೆಳಗಿನ ಖಾನೆ ತಾನಾಗಿಯೇ ನಾಲ್ಕು ಬೆರಳು ಹೊರಗೆ ಬಂತು! ನಾನು ಚೀರಿದೆ. "ದೆವ್ವ ಅಲ್ಲ ಹುಚ್ಚವ್ವಾ, ಗಾಳಿ. ಒಳಗಿನ ಗಾಳಿಗೆ ಎಲ್ಲೂ ಸಂದಿಲ್ಲ, ಅದಕ್ಕ ದೂಡತೈತಿ" ಎಂದು ನಕ್ಕ. ಹೋಗುವಾಗ ಅವ್ವನಿಗೆ ಎರಡು ಮಾತು ಹೇಳಿದ. "ಇದಕ್ಕ ನೀರು ಮುಟ್ಟಸಬ್ಯಾಡ್ರಿ ಅಕ್ಕಾ. ಖಾನಿ ತಗದ್ರ ತಗದ ಜಾಗಾಕ್ಕ ಇಡ್ರಿ." ಅವ್ವ ಹೂಂ ಎಂದಳು. ನಾನೂ ಕೇಳಿಸಿಕೊಂಡೆ.

ಮೇಲಿನದು ಅಪ್ಪನ ಖಾನೆ, ಎರಡನೆಯದು ಅವ್ವನದು, ಮೂರನೆಯದು ಅಣ್ಣನದು, ನೆಲಕ್ಕೆ ಹತ್ತಿದ್ದು ನನ್ನದು. ಅಣ್ಣ ತನ್ನ ಖಾನೆ ತೆರೆದಾಗಲೆಲ್ಲ ನನ್ನದಕ್ಕೆ ಒಂದು ಒದೆ ಕೊಡುತ್ತಿದ್ದ. ನಾನು ಸಿಟ್ಟಿನಿಂದ ನನ್ನ ಖಾನೆಯ ತಳದಲ್ಲಿ ಮೊಳೆಯಿಂದ ಒಂದು ಕೋಳಿ ಕೆತ್ತಿದ್ದೆ. ಗುರುತಿಗೆ, ಯಾರಿಗೂ ತೋರಿಸದೆ.

ಈಗ ನಮ್ಮ ಕಡೆಯ ದಸರಾ ಬಗ್ಗೆ ಹೇಳಬೇಕು. ಹಬ್ಬಕ್ಕೆ ಮೊದಲು ಮನೆಯೊಳಗಿನ ಹಾಸಿಗೆ, ಹೊದೆಯುವ ಕೌದಿ, ಚೀಲ, ಗೋಣಿತಟ್ಟು ಎಲ್ಲವೂ ಬಂಡಿ ಏರಿ ಹಳ್ಳಕ್ಕೆ ಹೋಗಬೇಕು. ತೊಳೆಯದ ಮನೆಯಲ್ಲಿ ದೇವಿಯನ್ನು ಕೂಡಿಸುವುದಿಲ್ಲ. ಊರಿನ ಹೆಂಗಸರೆಲ್ಲ ಮೊಣಕಾಲ ನೀರಿನಲ್ಲಿ ನಿಂತು ಕೌದಿ ಬಡಿಯುತ್ತಿದ್ದರೆ ಆ ಸಪ್ಪಳ ಊರಿಗೆ ಕೇಳುತ್ತಿತ್ತು. ಈ ದಿನ ಬಂತೆಂದರೆ ನನ್ನ ಅವ್ವನಿಗೆ ಮೈಮೇಲೆ ಬಂದಂತೆ ಆಗುತ್ತಿತ್ತು. ಪೆಟ್ಟಿಗೆ ಬಂದು ವರ್ಷ ತುಂಬಿರಲಿಲ್ಲ, ಅಪ್ಪ ಲಿಂಗಸುಗೂರಿಗೆ ಹೋಗಿದ್ದ. ಖಾನೆಯಲ್ಲಿ ತಗಣಿ ಸೇರಿವೆ ಎಂಬ ಗುಮಾನಿ ಅವ್ವನಿಗೆ. ಕೌದಿಗಳನ್ನು ತುಂಬಲು ಬುಟ್ಟಿ ಸಾಲಲಿಲ್ಲ. ನಾಲ್ಕೂ ಖಾನೆಗಳನ್ನು ಹೊರಗೆಳೆದಳು, ಬುಟ್ಟಿಯ ಹಾಗೆ ಅವುಗಳಲ್ಲಿ ಕೌದಿ ತುಂಬಿದಳು, ಹಳ್ಳಕ್ಕೆ ಒಯ್ದು ಕೌದಿಯ ಸಂಗಡ ಅವನ್ನೂ ಅದ್ದಿ ತಿಕ್ಕಿ ತೊಳೆದು ಬಂಡೆಯ ಮೇಲೆ ಬೋರಲು ಹಾಕಿದಳು. ಬಡಿಗೇರ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ದಸರಾ ಅಂದರೆ ದಸರಾ.

ಸಂಜೆಗೆ ಅವು ಮುಕ್ಕಾಲು ಒಣಗಿದ್ದವು. "ಹೋಗಿ ಇಡು" ಎಂದು ಅವ್ವ ನನಗೆ ಹೇಳಿ ಒಲೆಯ ಮುಂದೆ ಕುಳಿತಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ತಲೆಯಲ್ಲಿ ಒಂದು ನ್ಯಾಯ ಹೊಳೆಯಿತು. ಕೋಳಿ ಇರುವ ಖಾನೆ ನನ್ನದು. ಕೋಳಿಯನ್ನು ಅಣ್ಣನ ಜಾಗದಲ್ಲಿಟ್ಟರೆ ಆ ಜಾಗ ನನ್ನದಾಗುತ್ತದೆ, ಇನ್ನು ಒದೆಯುವ ಪಾಳಿ ನನ್ನದು. ಅಣ್ಣನ ಖಾನೆಯನ್ನು ಕೆಳಗಿಟ್ಟೆ, ಅದು ಲೊಡಲೊಡ ಎನ್ನುತ್ತಾ ಕೂತಿತು. ನನ್ನದನ್ನು ಮೂರನೆಯ ಜಾಗಕ್ಕೆ ಇಟ್ಟರೆ ಅರ್ಧಕ್ಕೇ ನಿಂತಿತು. ನೆಲದ ಮೇಲೆ ಕೂತು, ಎರಡೂ ಪಾದ ಕೊಟ್ಟು, ಹಲ್ಲು ಕಚ್ಚಿ ದೂಡಿದೆ. ಕಿರ್ ಎಂದು ಒಳಗೆ ಹೋಯಿತು. ಹೋದದ್ದು ಹೋಯಿತು, ಮತ್ತೆ ಬರಲಿಲ್ಲ.

ಹಬ್ಬ ಮುಗಿದ ಮೇಲೆ ಅಪ್ಪ ಮೌನಪ್ಪನನ್ನು ಕರೆಸಿದ. ಅದು ಟಪಾಲು ಬರುವ ಹೊತ್ತು, ಕಟ್ಟೆಯ ಮೇಲೆ ಹತ್ತಾರು ಜನ ಕೂತಿದ್ದರು. ಅಪ್ಪ ಕೆಟ್ಟವನಲ್ಲ. ಆದರೆ ಕೇಳುವ ಜನ ಇದ್ದರೆ ಅವನ ದನಿ ಒಂದು ಮೆಟ್ಟಿಲು ಏರುತ್ತಿತ್ತು.

"ಏನಪಾ ಮೌನಪ್ಪ, ಹಸಿ ಕಟ್ಟಿಗಿ ಹಾಕಿ ಕೊಟ್ಟಿಯಲ್ಲ. ಒಂದು ಮಳಿಗಾಲ ತಡೀಲಿಲ್ಲ ನೋಡು" ಎಂದ.

ಮೌನಪ್ಪ ಕಾಕಾ ಹೆಗಲ ಚೀಲ ಇಳಿಸುತ್ತಿದ್ದವನು ಅಲ್ಲೇ ನಿಂತ. "ಹಸಿ ಕಟ್ಟಿಗ್ಯಾ?" ಎಂದ. ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಅವನು ಕೇಳಿದ, "ಖಾನಿ ಯಾರರ ಹೊರಗ ತಗದಿದ್ರೇನ್ರಿ?"

ಬಾಗಿಲ ಹಿಂದೆ ಅವ್ವ ಇದ್ದಳು. ನೀರಿಗೆ ಅದ್ದಿದ್ದು ಬಯಲಾದೀತೆಂಬ ಭಯಕ್ಕೆ ಬಾಯಿ ಬಿಡಲಿಲ್ಲ. ಕಾಕಾ ನನ್ನ ಕಡೆ ನೋಡಿದ. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವನು ಬಾಚಿ, ಉಳಿ ಇದ್ದ ಚೀಲವನ್ನು ಮತ್ತೆ ಹೆಗಲಿಗೇರಿಸಿ, ಪೆಟ್ಟಿಗೆಯನ್ನು ಮುಟ್ಟದೆ ಹೊರಟುಹೋದ. ಒಂದೇ ಒಂದು ಖಾನೆ ಎಳೆದು ನೋಡಿದ್ದರೂ ಅವನಿಗೆ ಗೊತ್ತಾಗುತ್ತಿತ್ತು. ಬಡಿಗೇರನಿಗೆ ಹಸಿ ಕಟ್ಟಿಗೆ ಎನ್ನುವುದೂ ಒಂದೇ, ಕಳ್ಳ ಎನ್ನುವುದೂ ಒಂದೇ.

ವಾರದೊಳಗೆ ಊರಿನಲ್ಲಿ ಅವನ ಹೆಸರು ಹಸಿಕಟ್ಟಿಗಿ ಆಯಿತು. ಕೂರಿಗೆ ಮಾಡಿಸುವವರು ಮಾಡಿಸುತ್ತಲೇ ಇದ್ದರು, ನಗುತ್ತಲೂ ಇದ್ದರು. ಅವನು ಮತ್ತೆ ಅಂಥ ಪೆಟ್ಟಿಗೆ ಮಾಡಲಿಲ್ಲ. ಟ್ರ್ಯಾಕ್ಟರು ಬಂದು ಕೂರಿಗೆಯೂ ಬೇಡವಾದಾಗ ಸಿಂಧನೂರಿನ ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಕೂಲಿಗೆ ಹೋದ ಎಂದು ಕೇಳಿದೆ. ಅಷ್ಟೊತ್ತಿಗೆ ನಾನು ಓದಲು ಲಿಂಗಸುಗೂರಿಗೆ ಬಂದಿದ್ದೆ. ನೆನಪನ್ನು ಊರಲ್ಲೇ ಬಿಟ್ಟು ಬಂದೆ ಎಂದುಕೊಂಡೆ. ಪೆಟ್ಟಿಗೆ ಮಾತ್ರ ಮದುವೆಯಾದ ಮೇಲೆ ನನ್ನ ಹಿಂದೆಯೇ ಬಂತು. ಅವ್ವ ಕೊನೆಗಾಲದಲ್ಲಿ ನಮ್ಮ ಮನೆಯಲ್ಲಿ ಅದರ ಎದುರೇ ಮಲಗಿದ್ದಳು. ಒಂದು ದಿನ, "ನಾ ಅವತ್ತು ನೀರಾಗ ಅದ್ದಬಾರದಿತ್ತು ನೋಡವ್ವಾ. ಅವನ ಅನ್ನ ಕಸಗೊಂಡೆ" ಎಂದಳು. ಕೌದಿ ಸರಿಮಾಡಿ, "ಮಲ್ಕೋ ಬೇ" ಎಂದೆ. ಆಗಲೂ ಹೇಳಲಿಲ್ಲ. ಈ ಒಂದು ಮಾತಿಗೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಈಗ ಈ ವರ್ಷಕ್ಕೆ ಬರುತ್ತೇನೆ. ಟೀಚರು ಎಂದರೆ ಪಾಠ ಮಾಡುವವಳು ಎಂದು ನೀವು ತಿಳಿದಿದ್ದರೆ ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಜನ ಎಣಿಸುವುದು, ದನ ಎಣಿಸುವುದು, ಮನೆಮನೆಗೆ ಮತದಾರರ ಪಟ್ಟಿ ಹೊತ್ತು ತಿರುಗುವುದು, ಇದರ ನಡುವೆ ಉಳಿದರೆ ಪಾಠ. ಮಸ್ಕಿಯ ಬಿಸಿಲಿನಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಊದಿದ ಮೊಣಕಾಲು ಎಳೆದುಕೊಂಡು ಬಾಗಿಲು ಬಡಿದು, "ಇವರು ಬದುಕ್ಯಾರೇನ್ರಿ?" ಎಂದು ಕೇಳುವುದು ನನ್ನ ಕೆಲಸ. ಒಂದೊಂದು ದಿನ ಆ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುವಂತಾಗುತ್ತದೆ. ಅಂಥ ಒಂದು ಮಧ್ಯಾಹ್ನ ಹೊಸ ಓಣಿಯ ಪಟ್ಟಿ ಬಿಚ್ಚಿದೆ. ಅಚ್ಚಾದ ಹೆಸರು ಹೀಗಿತ್ತು: ಹಸಿಕಟ್ಟಿಗಿ ಮೌನಪ್ಪ. ಅದರ ಕೆಳಗೆ ಹಸಿಕಟ್ಟಿಗಿ ಗಂಗಮ್ಮ. ಅದರ ಕೆಳಗೆ ಇನ್ನೂ ಮೂರು ಹಸಿಕಟ್ಟಿಗಿ.

ನಮ್ಮ ಕಡೆ ಅಡ್ಡಹೆಸರು ಹುಟ್ಟುವುದೇ ಹೀಗೆ. ಮುತ್ಯಾ ಮೆಣಸಿನಕಾಯಿ ಮಾರಿದ್ದರೆ ಮೊಮ್ಮಗ ಡಾಕ್ಟರನಾದರೂ ಮೆಣಸಿನಕಾಯಿಯೇ. ಊರು ಬಾಯಿಂದ ಕರೆದದ್ದನ್ನು ಶಾಲೆಯ ಮಾಸ್ತರು ದಾಖಲೆಗೆ ಬರೆಯುತ್ತಾರೆ, ನಾನೂ ಎಷ್ಟೋ ಬರೆದಿದ್ದೇನೆ. ಆದರೆ ನಾನು ಹತ್ತು ವರ್ಷದವಳಿದ್ದಾಗ ಅಲ್ಲಾಡಿಸಿದ ತಲೆ ಮೂರು ತಲೆಮಾರಿನ ಹೆಸರಾಗಿ ಅಚ್ಚಾಗಿ ಬಂದೀತೆಂದು ಎಣಿಸಿರಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಆಮೇಲೆ ಬಾಗಿಲು ಬಡಿದೆ.

ತೆಗೆದವಳು ಗಂಗಮ್ಮ, ಅವನ ಸೊಸೆ. "ಮುತ್ಯಾ ಬದುಕ್ಯಾನ್ರಿ, ಅಲ್ಲೇ ಕುಂತಾನ" ಎಂದು ಹಗ್ಗದ ಹೊರಸು ತೋರಿಸಿದಳು. ಎಂಬತ್ತು ದಾಟಿದ ಮೌನಪ್ಪ ಕಾಕಾ ಗೋಡೆಗೆ ಒರಗಿದ್ದ. ಕಣ್ಣಿನಲ್ಲಿ ಪೊರೆ. ಕೈಗಳು ಮಾತ್ರ ಅವೇ, ಹೊರಸಿನ ಅಂಚನ್ನು ಹೆಬ್ಬೆರಳಿನಿಂದ ಸುಮ್ಮನೆ ಸವರುತ್ತಿದ್ದವು. ನಾನು ಯಾರ ಮಗಳೆಂದು ಹೇಳಿದೆ. ಹೆಬ್ಬೆರಳು ನಿಂತಿತು.

"ಕಾಕಾ, ಅವತ್ತು ಖಾನಿ ತಗದಿದ್ವಿ. ಹಳ್ಳಕ್ಕ ಒಯ್ದು ತೊಳದಿದ್ವಿ. ನಾಕನೇದನ್ನ ಮೂರನೇದರ ಜಾಗಾದಾಗ ಇಟ್ಟಾಕಿ ನಾನು. ನೀ ಕೇಳಿದಾಗ ಸುಳ್ಳು ಹೇಳಿದೆ" ಎಂದೆ. ಒಂದೇ ಉಸಿರಿಗೆ ಬಂತು. ನಲವತ್ತೆಂಟು ವರ್ಷ ಹಿಡಿದ ಮಾತು ಅಷ್ಟು ಚಿಕ್ಕದಿತ್ತು.

ಅವನು ನನ್ನ ದನಿಯ ಕಡೆ ಮುಖ ತಿರುಗಿಸಿದ. "ನಿಮ್ಮಪ್ಪ ಅದಾನೇನು?" ಎಂದು ಕೇಳಿದ.

"ಇಲ್ಲ ಕಾಕಾ. ಹೋಗಿ ಭಾಳ ವರ್ಷಾತು."

"ಅವಗ ಹೇಳಿದ್ಯೇನು?"

"ಇಲ್ಲ."

"ಅವಗ ಹೇಳಬೇಕಿತ್ತವ್ವಾ. ನನಗ ಹೇಳಿದ್ರೇನು ಬಂತು? ಕಟ್ಟಿಗಿ ಒಣದಂತ ನನಗ ಗೊತ್ತಿತ್ತಲ್ಲ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿತು. "ಅದು ನಮ್ಮ ಮುತ್ಯಾನ ಪಡಸಾಲಿ ತೊಲಿ. ಅಣತಮ್ಮರು ಬ್ಯಾರೆ ಆದಾಗ ನನ್ನ ಪಾಲಿಗೆ ಅದೊಂದ ಬಂದಿತ್ತು. ಕೂಸಿದ್ದಾಗ ಅದಕ್ಕ ತೊಟ್ಟಿಲ ಕಟ್ಟಿ ನನ್ನ ತೂಗ್ಯಾರ. ಅದಕ್ಕ ಹಸಿ ಕಟ್ಟಿಗಿ ಅಂದ್ರು."

ನನಗೆ ಅಳು ಬಂತು. ಅತ್ತುಬಿಟ್ಟೆ. ಗಂಗಮ್ಮ ಗಾಬರಿಯಾಗಿ ನೀರು ತಂದಳು. ನಾನು ಮೂಗೊರೆಸಿಕೊಂಡು ಚೀಲದಿಂದ ತಿದ್ದುಪಡಿಯ ಅರ್ಜಿ ತೆಗೆದು, ಹೆಸರನ್ನು ಬಡಿಗೇರ ಮೌನಪ್ಪ ಎಂದು ಮಾಡಿಸಿಕೊಡುತ್ತೇನೆ ಎಂದೆ. ಅಷ್ಟಾದರೂ ನನ್ನ ಕೈಯಲ್ಲಿತ್ತು. ಗಂಗಮ್ಮ ನನ್ನ ಕೈ ಹಿಡಿದುಕೊಂಡಳು.

"ಅಕ್ಕೋರ, ಕಾಲಿಗೆ ಬೀಳತೀನಿ, ಹೆಸರು ಮುಟ್ಟಬ್ಯಾಡ್ರಿ! ಆಧಾರದಾಗ ಅದ ಐತಿ, ರೇಶನ್ ಕಾರ್ಡಿನ್ಯಾಗ ಅದ ಐತಿ, ಹುಡುಗರ ಮಾರ್ಕ್ಸ್ ಕಾರ್ಡಿನ್ಯಾಗೂ ಅದ ಐತಿ. ಒಂದ್ಕಡೆ ಬ್ಯಾರೆ ಆತಂದ್ರ ಮುತ್ಯಾನ ಪಗಾರ ನಿಂತ ಹೊಕ್ಕೈತಿ. ಯಾರ ತಿರಗಬೇಕ್ರಿ ಆಫೀಸಿಗೆ?"

ಅವಳು ಪಗಾರ ಎಂದದ್ದು ವೃದ್ಧಾಪ್ಯ ವೇತನಕ್ಕೆ. ಅವಳ ಮಾತು ನಿಜವಿತ್ತು. ಆ ಆಫೀಸುಗಳ ಮೆಟ್ಟಿಲು ನನ್ನ ಮೊಣಕಾಲಿಗೂ ಗೊತ್ತು. ಅರ್ಜಿಯನ್ನು ಮಡಚಿ ಒಳಗಿಟ್ಟೆ.

ಕಾಕಾ ಇದಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. "ಮುಂದಿಂದ ಎಳದ್ರ ಬರಂಗಿಲ್ಲದು" ಎಂದ. "ನಾಕನೇದು ಮೂರನೇದಕ್ಕಿಂತ ಒಂದು ಜ್ವಾಳದಕಾಳಿನಷ್ಟು ಅಗಲ. ಮ್ಯಾಲ ಹೋದಂಗ ಒಂದೊಂದು ಕಾಳು ಕಡಿಮಿ ಮಾಡೀನಿ. ಕೂರಿಗಿ ಮಾಡೋ ಕೈ ನೋಡು, ಅಳತಿ ಅಂದ್ರ ನನಗ ಕಾಳ. ಪೆಟ್ಟಿಗಿ ತಿರುವು. ಹಿಂದಿನ ಹಲಗಿಗೆ ನಾಕು ಬೆಣಿ ಅದಾವು, ಕೆಳಗಿಂದ ಮ್ಯಾಲಕ್ಕ ಬಡಿ. ಸುತ್ತಿಗಿಲೆ ಬ್ಯಾಡ, ಒನಕಿ ತುದಿಗೆ ಅರಿಬಿ ಸುತ್ತು. ಹಲಗಿ ತಗದು ಹಿಂದಿಂದ ದೂಡು. ಎಲ್ಲಾದರ ಬೆನ್ನಿಗೆ ಕಚ್ಚು ಹಾಕೀನಿ, ಮ್ಯಾಲಿಂದಕ್ಕ ಒಂದು, ತಳದ್ದಕ್ಕ ನಾಕು."

ಆ ಭಾನುವಾರ ಬೆಳಿಗ್ಗೆ ನಾನು ಮತ್ತು ನಮ್ಮ ಮನೆಯವರು ಪೆಟ್ಟಿಗೆಯನ್ನು ತಿರುವಿದೆವು. ಬಸ್ಸಿನ ಇಂಜಿನ್ನು ಬಿಚ್ಚಿದ ಮನುಷ್ಯ ಒನಕೆ ಹಿಡಿದು ಕೂತದ್ದು ನೋಡುವಂತಿತ್ತು. ಬೆಣೆ ಒಂದೊಂದೇ ಸಡಿಲಾದವು. ಹಲಗೆ ಬಂತು. ಅವರು ಹಿಂದಿನಿಂದ ದೂಡಿದರು, ನಾನು ಮುಂದೆ ಕೂತಿದ್ದೆ. ಬರುವುದಿಲ್ಲ ಎಂದು ಎಷ್ಟೋ ನೆಂಟರಿಗೆ ಹೇಳಿದ ಖಾನೆ ನನ್ನ ಮಡಿಲಿಗೆ ಬಂತು. ಒಳಗೆ ಹಳ್ಳದ ಒಂದಿಷ್ಟು ಉಸುಕು, ಮತ್ತೆ ಕೋಳಿ. ಅದು ಕೋಳಿಯ ಹಾಗೆ ಇರಲೇ ಇಲ್ಲ, ಯಾವುದೋ ಚಪ್ಪಲಿಯ ಹಾಗಿತ್ತು. "ಈ ಚಿತ್ರಕ್ಕ ಇಷ್ಟು ಅವಾಂತರ ಮಾಡಿದ್ಯಾ?" ಎಂದರು ನಮ್ಮವರು. ನಗಬೇಕೆಂದರೂ ನಗು ಬರಲಿಲ್ಲ.

ಬೆನ್ನ ಮೇಲಿನ ಕಚ್ಚು ಎಣಿಸಿದೆ. ನಾಲ್ಕು. ಕೆಳಗಿನದರ ಬೆನ್ನಿಗೆ ಮೂರು. ಅದಲುಬದಲು ಮಾಡಿ, ಹಿಂದಿನ ಹಲಗೆ ಕೂಡಿಸಿ, ಪೆಟ್ಟಿಗೆಯನ್ನು ಗೋಡೆಗಿಟ್ಟು, ಮೇಲಿನ ಖಾನೆಯನ್ನು ಮೆಲ್ಲಗೆ ದೂಡಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕೆಳಗಿನ ನನ್ನ ಖಾನೆ ಒಂದು ಬೆರಳಷ್ಟು ಮುಂದೆ ಬಂದು ನಿಂತಿತು. ಮೊದಲಿನ ಹಾಗೆ ನಾಲ್ಕು ಬೆರಳಲ್ಲ, ಒಂದೇ.

ಮರುದಿನ ಶಾಲೆ ಬಿಟ್ಟ ಮೇಲೆ ಪಟ್ಟಿಯ ಕಾಗದಕ್ಕೆ ಅವನ ಹೆಬ್ಬೆಟ್ಟು ಒತ್ತಿಸಲು ಹೋದೆ. ನನ್ನ ದನಿ ಕೇಳಿದ ಕೂಡಲೇ ಅವನು ಎದ್ದು ಕೂತ.

"ಒಂದು ದೂಡಿದ್ರ ಇನ್ನೊಂದು ಬಂತೇನು?"

"ಬಂತು ಕಾಕಾ. ಒಂದು ಬೆರಳು ಬಂತು."

ಅವನು ತಲೆಯಾಡಿಸಿದ. ಹಲ್ಲಿಲ್ಲದ ಬಾಯಿ ಅಗಲವಾಯಿತು. "ಹಂಗಾದ್ರ ನಿನ್ನ ಕಾಗದದಾಗ ಬರಕೋ ತಂಗಿ, ಕಟ್ಟಿಗಿ ಈಗ ಒಣಗೇತಿ ಅಂತ."

"ಇದರಾಗ ಅಂಥಾದ್ದು ಬರಿಯಾಕ ಜಾಗ ಇಲ್ಲ ಕಾಕಾ" ಎಂದೆ.

"ಇಲ್ಲಂದ್ರ ಬಿಡು" ಎಂದು ಅವನು ಕೈ ಚಾಚಿದ. ಕಣ್ಣು ಕಾಣುವುದಿಲ್ಲವಾದ್ದರಿಂದ ಹೆಬ್ಬೆರಳನ್ನು ನಾನೇ ಹಿಡಿದು ಶಾಯಿಗೆ ಒತ್ತಿದೆ. ಹಸಿಕಟ್ಟಿಗಿ ಮೌನಪ್ಪ ಎಂದಿರುವ ಸಾಲು ಹುಡುಕಿ, ಅದರ ಕೆಳಗೆ ಇಡಿಸಿದೆ.